ಗೃಹವಿಚಾರ: ಒಂದು ಸೂರು, ಮೂರು ಒಲೆ

ಅಣ್ಣತಮ್ಮಂದಿರು ಬೇರೆಯಾಗುವುದು ಲೋಕದಲ್ಲಿ ಹೊಸದಲ್ಲ. ಒಲೆಗಳು ಬೇರೆಯಾದ ಮಾತ್ರಕ್ಕೆ ಮನಸ್ಸುಗಳೂ ಬೇರೆಯಾಗಬೇಕೆಂಬ ನಿಯಮವೂ ಇಲ್ಲ. ಆದರೆ ಪಟ್ಟಣಗಳಲ್ಲಿ ನಿವೇಶನದ ಬೆಲೆ ಏರಿರುವುದರಿಂದ, ಪಾಲಾದವರೆಲ್ಲರೂ ಹೊಸ ಮನೆ ಕಟ್ಟಿಕೊಳ್ಳುವುದು ದುಸ್ಸಾಧ್ಯವಾಗಿದೆ. ಆದಕಾರಣ ತಂದೆ ಕಟ್ಟಿಸಿದ ಮನೆಯನ್ನೇ ಎರಡು ಮೂರು ಸ್ವತಂತ್ರ ವಸತಿಗಳನ್ನಾಗಿ, ಈಗಿನ ಮಾತಿನಲ್ಲಿ ಫ್ಲಾಟುಗಳನ್ನಾಗಿ, ಮಾರ್ಪಡಿಸಿಕೊಳ್ಳುವ ಗೃಹಸ್ಥರು ಅನೇಕರು. ಇದರ ಕ್ರಮವೇನೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮೊದಲು ಒಂದು ಭ್ರಾಂತಿಯನ್ನು ಕಳೆದುಕೊಳ್ಳಬೇಕು. ಸ್ವತ್ತಿನ ವಿಭಾಗ ಬೇರೆ, ಕಟ್ಟಡದ ವಿಭಾಗ ಬೇರೆ. ಯಾವ ಭಾಗ ಯಾರದೆಂಬುದನ್ನು ವಿಭಾಗಪತ್ರವು ನಿರ್ಣಯಿಸುತ್ತದೆ. ಆ ಭಾಗದಲ್ಲಿ ಗೋಡೆ ಎಬ್ಬಿಸಬಹುದೇ, ಪ್ರತ್ಯೇಕ ಅಡಿಗೆಮನೆ ಮಾಡಬಹುದೇ ಎಂಬುದನ್ನು ನಗರಾಡಳಿತವು ನಿರ್ಣಯಿಸುತ್ತದೆ. ಪತ್ರ ನೋಂದಣಿಯಾಯಿತೆಂದು ಮರುದಿನವೇ ಗಾರೆಯವನನ್ನು ಕರೆಸುವವರು ಅರ್ಧ ದಾರಿಯನ್ನು ಮಾತ್ರ ನಡೆದವರು.

ಸ್ವತ್ತಿನ ಮಾತನ್ನು ಮೊದಲು ನೋಡೋಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನದಲ್ಲಿ, ಒಟ್ಟು ದ್ರವ್ಯದ ಮೇಲೆ ಹಲವರಿಗಿರುವ ಒಡೆತನವನ್ನು ಅದರ ಒಂದೊಂದು ಭಾಗದಲ್ಲಿ ನೆಲೆಗೊಳಿಸುವುದೇ ವಿಭಾಗವೆಂದು ವಿವರಿಸಿದ್ದಾನೆ. ಆ ಹಲವರು ಯಾರೆಂಬುದು ಈಗ ಬದಲಾಗಿದೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 23ನೆಯ ಪ್ರಕರಣದಂತೆ, ಕುಟುಂಬವು ವಾಸವಾಗಿರುವ ಮನೆಯನ್ನು ಗಂಡುಮಕ್ಕಳು ತಾವಾಗಿ ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಪಾಲು ಕೇಳುವಂತಿರಲಿಲ್ಲ. 2005ರ ತಿದ್ದುಪಡಿಯು ಆ ಪ್ರಕರಣವನ್ನು ತೆಗೆದುಹಾಕಿ, ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನೊಡನೆ ಸಮಾನವಾದ ಜನ್ಮಹಕ್ಕನ್ನು ಕೊಟ್ಟಿತು. ತಿದ್ದುಪಡಿಯ ದಿನ ತಂದೆ ಜೀವಂತನಾಗಿರಬೇಕೆಂಬ ನಿರ್ಬಂಧವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿತು. ತಂದೆಯ ಸ್ವಯಾರ್ಜಿತ ಮನೆಯಾಗಿದ್ದು ಆತ ಮರಣಶಾಸನವಿಲ್ಲದೆ ತೀರಿಕೊಂಡಿದ್ದರೆ, ತಾಯಿಗೂ ಪಾಲುಂಟು. ಆದುದರಿಂದ ಕೊಟ್ಟ ಹೆಣ್ಣುಮಗಳನ್ನು ಕರೆಯದೆ ಎಳೆದ ಗೆರೆ ಗೆರೆಯೇ ಅಲ್ಲ. ಅವಳು ಪ್ರೀತಿಯಿಂದ ಬಿಟ್ಟುಕೊಡುವುದಾದರೂ ನೋಂದಾಯಿತ ಪತ್ರದ ಮೂಲಕವೇ ಬಿಟ್ಟುಕೊಡತಕ್ಕದ್ದು.

ಇನ್ನು ಕಟ್ಟಡದ ಮಾತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ‘ಅಭಿವೃದ್ಧಿ’ ಎಂಬ ಶಬ್ದದ ವ್ಯಾಪ್ತಿ ದೊಡ್ಡದು. ಹೊಸದಾಗಿ ಕಟ್ಟುವುದಷ್ಟೇ ಅಲ್ಲ. ಇರುವ ಕಟ್ಟಡದಲ್ಲಿಯಾಗಲಿ ಅದರ ಉಪಯೋಗದಲ್ಲಿಯಾಗಲಿ ಗಣನೀಯವಾದ ಬದಲಾವಣೆ ಮಾಡುವುದೂ, ನೆಲವನ್ನು ತುಂಡುಮಾಡುವುದೂ ಅದರಲ್ಲಿ ಅಡಗಿವೆ. ಇಂಗ್ಲೆಂಡಿನ 1990ರ ಯೋಜನಾ ಕಾಯಿದೆಯಂತೂ, ಒಂದೇ ಮನೆಯಾಗಿದ್ದುದನ್ನು ಎರಡು ಅಥವಾ ಹೆಚ್ಚು ಮನೆಗಳಾಗಿ ಬಳಸುವುದೇ ಉಪಯೋಗದ ಬದಲಾವಣೆಯೆಂದು ಬಿಡಿಸಿ ಹೇಳಿದೆ. ನಮ್ಮಲ್ಲಿ ನಿವೇಶನವನ್ನೇ ಎರಡಾಗಿ ಸೀಳುವುದಕ್ಕೆ 17ನೆಯ ಪ್ರಕರಣದಂತೆ ಪ್ರತ್ಯೇಕ ಮಂಜೂರಾತಿ ಬೇಕು. ಸೀಳಿದ ಪ್ರತಿಯೊಂದು ತುಂಡಿಗೂ ಸುತ್ತ ಬಿಡಬೇಕಾದ ಜಾಗದ ನಿಯಮ ಹೊಸದಾಗಿ ಅನ್ವಯಿಸುವುದರಿಂದ, ಕಿರಿದಾದ ನಿವೇಶನದಲ್ಲಿ ಅದು ಸಿಕ್ಕುವುದು ಕಷ್ಟ. ನೆಲವನ್ನು ಅವಿಭಕ್ತವಾಗಿಯೇ ಉಳಿಸಿಕೊಂಡು, ಅಂತಸ್ತಿಗೊಂದರಂತೆ ವಸತಿಗಳನ್ನು ಹಂಚಿಕೊಳ್ಳುವುದೇ ಬಹುಮಟ್ಟಿಗೆ ಉಚಿತವಾದ ದಾರಿ.

ಇಷ್ಟೆಲ್ಲ ನಿರ್ಬಂಧ ಏತಕ್ಕೆಂದು ಕೇಳುವವರಿಗೆ ನಾನು ಬಲ್ಲ ಒಂದು ಮನೆತನದ ಸಂಗತಿಯನ್ನು ಹೇಳುತ್ತೇನೆ. ಅವರದು ತೊಟ್ಟಿಮನೆ. ಇಬ್ಬರು ಸಹೋದರರು ಯಾರನ್ನೂ ಕೇಳದೆ ತೊಟ್ಟಿಯ ನಡುವೆ ಗೋಡೆ ಎಬ್ಬಿಸಿ, ಎರಡು ಕಡೆಗೂ ತಗಡು ಹೊದಿಸಿದರು. ಇಡೀ ಮನೆಗೆ ಬೆಳಕು ಗಾಳಿ ಬರುತ್ತಿದ್ದುದು ಆ ತೊಟ್ಟಿಯಿಂದಲೇ. ನಡುಮನೆಯ ಪಕ್ಕದಲ್ಲಿದ್ದ ವೃದ್ಧ ತಾಯಿಯ ಕೋಣೆಯಲ್ಲಿ ಹಗಲಿನಲ್ಲಿಯೂ ದೀಪ ಹಚ್ಚಬೇಕಾಯಿತು. ಒಂದೇ ಕುಟುಂಬಕ್ಕೆಂದು ಹಾಕಿದ್ದ ಚರಂಡಿಯ ಕೊಳವೆಗೆ ಇನ್ನೊಂದು ಬಚ್ಚಲೂ ಸೇರಿ, ಮಳೆಗಾಲದಲ್ಲಿ ಕೊಳೆನೀರು ಒಳಗೇ ಉಕ್ಕಿತು. ಕಿರಿಯವನು ರಿಪೇರಿಗೆಂದು ಸಾಲ ಕೇಳಿದಾಗ ಬ್ಯಾಂಕಿನವರು ಅನುಮೋದಿತ ನಕ್ಷೆಯನ್ನು ಕೇಳಿದರು, ಅದು ಇರಲಿಲ್ಲ. ನಕ್ಷೆಯನ್ನು ಪರೀಕ್ಷಿಸುವ ಅಧಿಕಾರಿ ಕೇಳುವ ಪ್ರಶ್ನೆಗಳೂ ಇವೇ: ಬೆಳಕೆಲ್ಲಿ, ಗಾಳಿಯೆಲ್ಲಿ, ಕೊಳೆನೀರು ಹೋಗುವುದೆಲ್ಲಿ, ಬೆಂಕಿ ಬಿದ್ದರೆ ಹೊರಬರುವ ಹಾದಿ ಯಾವುದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕೋಣೆ 9.5 ಚದರ ಮೀಟರಿಗೂ, ಅಡಿಗೆಮನೆ 5 ಚದರ ಮೀಟರಿಗೂ ಕಡಿಮೆಯಿರಬಾರದೆಂದು ಹೇಳುತ್ತದೆ. ಸ್ಥಳೀಯ ಉಪವಿಧಿಗಳನ್ನು ಆಯಾ ನಗರಾಡಳಿತದಲ್ಲಿ ವಿಚಾರಿಸಬೇಕು.

ಅರ್ಜಿಯ ಕ್ರಮ ಹೀಗೆ. ಕ್ರಯಪತ್ರ ಅಥವಾ ವಿಭಾಗಪತ್ರ, ಖಾತೆ, ಕಂದಾಯದ ರಸೀತಿ, ಋಣಭಾರ ಪತ್ರ, ಹಳೆಯ ಅನುಮೋದಿತ ನಕ್ಷೆ ಇವುಗಳನ್ನು ಮೊದಲು ಕೂಡಿಸಿಕೊಳ್ಳಿ. ಪರವಾನಗಿಯುಳ್ಳ ಇಂಜಿನಿಯರಿಂದ ಎರಡು ನಕ್ಷೆಗಳನ್ನು ಬರೆಯಿಸಿ: ಇರುವ ಮನೆಯದೊಂದು, ಆಗಬೇಕಾದುದೊಂದು. ಹಳೆಯ ಮನೆಗಳಲ್ಲಿ ಭಾರ ಹೊರುವುದು ಗೋಡೆಗಳೇ ಆದುದರಿಂದ, ಯಾವುದನ್ನು ಒಡೆಯಬಹುದೆಂಬುದಕ್ಕೆ ಅವರ ಲಿಖಿತ ಅಭಿಪ್ರಾಯವಿರಲಿ. ಪಾಲುದಾರರೆಲ್ಲರೂ ಅರ್ಜಿಗೆ ರುಜುಹಾಕಲಿ. ಪರವಾನಗಿ ಕೈಸೇರಿದ ಮೇಲೆಯೇ ಕೆಲಸ ಆರಂಭವಾಗಲಿ. ಮುಗಿದ ಮೇಲೆ ಪೂರ್ಣತಾ ಪತ್ರವನ್ನೂ ಸ್ವಾಧೀನಾನುಭವ ಪತ್ರವನ್ನೂ ಪಡೆಯಿರಿ. ಇವಿಲ್ಲದ ಕಟ್ಟಡಕ್ಕೆ ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ನಿರ್ದೇಶಿಸಿತು.

ಪಾಲುಮಾಡಬಾರದ ವಸ್ತುಗಳೂ ಕೆಲವುಂಟು. ಮನುಸ್ಮೃತಿಯು ಅವುಗಳಲ್ಲಿ ನೀರನ್ನೂ ‘ಪ್ರಚಾರ’ವನ್ನೂ ಎಣಿಸಿದೆ. ಪ್ರಚಾರವೆಂದರೆ ಮನೆಗೆ ಹೋಗಿಬರುವ ಹಾದಿಯೆಂದು ಮಿತಾಕ್ಷರಾ ಅರ್ಥ ಹೇಳುತ್ತದೆ. ಬಾವಿಯನ್ನು ಸರದಿಯಿಂದ ಬಳಸತಕ್ಕದ್ದು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯೂ ಸಾಮಾನ್ಯ ಸ್ಥಳಗಳು ಅವಿಭಕ್ತವಾಗಿಯೇ ಇರಬೇಕೆನ್ನುತ್ತದೆ. ನಿಮ್ಮದು ಚಿಕ್ಕ ಮನೆಯಾಗಿ ಆ ಕಾಯಿದೆಯ ವ್ಯಾಪ್ತಿಗೆ ಬಾರದಿದ್ದರೂ, ಮೆಟ್ಟಿಲು, ಸಂಪು, ಚರಂಡಿ, ತಾರಸಿ ಇವು ಎಲ್ಲರವೆಂದೂ, ದುರಸ್ತಿಯ ಖರ್ಚು ಯಾವ ಪ್ರಮಾಣದಲ್ಲೆಂದೂ ವಿಭಾಗಪತ್ರದಲ್ಲಿಯೇ ಬರೆಯಿಸಿ. ಜಗಳಗಳು ಹುಟ್ಟುವುದು ಕೋಣೆಗಳಲ್ಲಲ್ಲ, ಮೆಟ್ಟಿಲಿನ ಮೇಲೆ.

ಒಮ್ಮತವಾಗದೆ ನ್ಯಾಯಾಲಯದ ಮೆಟ್ಟಿಲೇರಿದರೆ, ಸುಸೂತ್ರವಾಗಿ ಪಾಲಾಗದ ಮನೆಯನ್ನು ಅರ್ಧಕ್ಕೆ ಕಡಿಮೆಯಿಲ್ಲದ ಪಾಲುಳ್ಳವರ ಕೋರಿಕೆಯ ಮೇಲೆ ಮಾರಿ ಹಣವನ್ನು ಹಂಚಲು 1893ರ ವಿಭಾಗ ಕಾಯಿದೆಯಲ್ಲಿ ಅವಕಾಶವುಂಟು. ಆಗ ಉಳಿಯುವುದು ದುಡ್ಡು, ಮನೆಯಲ್ಲ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮಕ್ಕಳ ಅನುಕೂಲಕ್ಕೆಂದು ನಿಮ್ಮ ಪಾಲನ್ನು ದಾನಪತ್ರದ ಮೂಲಕ ಕೊಡುವುದಾದರೆ, ನಿಮ್ಮನ್ನು ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲಿ ಬರೆಯಿಸಿರಿ. ಆ ಷರತ್ತು ಇದ್ದು ಅದಕ್ಕೆ ತಪ್ಪಿದರೆ, ಹಿರಿಯ ನಾಗರಿಕರಿಗಾಗಿ 2007ರಲ್ಲಿ ಆದ ಕಾಯಿದೆಯ 23ನೆಯ ಪ್ರಕರಣದಂತೆ ದಾನವನ್ನು ರದ್ದುಪಡಿಸಿಕೊಳ್ಳಬಹುದು. ಇಂಜಿನಿಯರು ನಕ್ಷೆಯನ್ನು ತಂದು ಹರಡಿದ ದಿನ, ಗಂಡುಮಕ್ಕಳು ತಮ್ಮ ತಮ್ಮ ಅಡಿಗೆಮನೆಯನ್ನು ಹುಡುಕುವುದಕ್ಕೆ ಮುಂಚೆ, ಅಮ್ಮನ ಕೋಣೆ ಯಾವುದು, ಅದಕ್ಕೆ ಕಿಟಕಿ ಯಾವ ಕಡೆಗಿದೆ ಎಂದು ಕೇಳಲಿ.