ಸೆರೆಯಾಳಿನ ಪ್ರಾಣ ಗುತ್ತಿಗೆಯ ಸರಕಲ್ಲ

ಧಾರವಾಡದ ಕೇಂದ್ರ ಕಾರಾಗೃಹದ ಕೈದಿಯೊಬ್ಬನ ಕಾಯಿಲೆ ಉಲ್ಬಣಿಸಿ, ಅವನನ್ನು ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಒಯ್ಯುವ ಪೊಲೀಸ್ ವಾಹನವು ಅಮರಗೋಳವನ್ನು ದಾಟಿಯೇ ಸಾಗಬೇಕು. ನಮಗೆ ಇದು ನಿತ್ಯದ ದಾರಿ. ಅವನಿಗೋ ಬಹು ದೂರ. ವೈದ್ಯರ ಶಿಫಾರಸು ಬೇಕು, ಅಧಿಕಾರಿಯ ಅನುಮತಿ ಬೇಕು, ಬೆಂಗಾವಲಿನ ಪೊಲೀಸರು ದೊರೆಯಬೇಕು. ಆದರೆ ರೋಗ ಯಾರ ಅನುಮತಿಗೂ ಕಾಯುವುದಿಲ್ಲ.

ಸರ್ಕಾರಿ ವ್ಯವಸ್ಥೆಯ ಇಂತಹ ಲೋಪಗಳನ್ನೇ ಮುಂದಿಟ್ಟು ಜೈಲಿನ ಚಿಕಿತ್ಸೆಯನ್ನು ಖಾಸಗಿಯವರಿಗೆ ಒಪ್ಪಿಸಬೇಕೆಂಬ ವಾದವಿದೆ. ಲೋಪಗಳು ಸುಳ್ಳಲ್ಲ. ಪರಪ್ಪನ ಅಗ್ರಹಾರದಲ್ಲಿದ್ದ ಅಬ್ದುನ್ನಾಸಿರ್ ಮಅದನಿಯವರು ಚಿಕಿತ್ಸೆಗಾಗಿ 2014ರಲ್ಲಿ ಸುಪ್ರೀಂ ಕೋರ್ಟಿನಿಂದ ಜಾಮೀನು ಪಡೆಯಬೇಕಾಯಿತು. 84ರ ವೃದ್ಧ ಸ್ಟ್ಯಾನ್ ಸ್ವಾಮಿ ಜಾಮೀನಿಗಾಗಿ ಕಾಯುತ್ತಲೇ 2021ರಲ್ಲಿ ಅಸುನೀಗಿದರು. ಆದರೆ ಇದಕ್ಕೆ ಗುತ್ತಿಗೆಯೇ ಮದ್ದೇ?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಆ ದಾರಿ ಹಿಡಿದಿತ್ತು. ಅಂಗಡಿ ಕಳವಿನ ಆರೋಪದಲ್ಲಿ ಬಂಧಿತರಾಗಿ ಜಾಮೀನು ದೊರೆಯದಿದ್ದ ಮೂಲನಿವಾಸಿ ಮಹಿಳೆ ವೆರೋನಿಕಾ ನೆಲ್ಸನ್, 2020ರ ಜನವರಿ 2ರಂದು ಜೈಲಿನ ಕೋಣೆಯಲ್ಲೇ ಮೃತಪಟ್ಟರು. ಇಂಟರ್‌ಕಾಮ್‌ನಲ್ಲಿ ಮತ್ತೆ ಮತ್ತೆ ಮೊರೆಯಿಟ್ಟರೂ ನೆರವು ಬರಲಿಲ್ಲ. ಅಲ್ಲಿನ ವೈದ್ಯಕೀಯ ಸೇವೆ ಖಾಸಗಿ ಕಂಪೆನಿಯ ಗುತ್ತಿಗೆಯಲ್ಲಿತ್ತು. ಈ ಸಾವನ್ನು ತಡೆಯಬಹುದಿತ್ತೆಂದು ತನಿಖಾ ನ್ಯಾಯಾಲಯ 2023ರಲ್ಲಿ ಹೇಳಿತು. ಅದೇ ವರ್ಷ ಮಹಿಳಾ ಜೈಲುಗಳ ಚಿಕಿತ್ಸೆ ಸಾರ್ವಜನಿಕ ಆಸ್ಪತ್ರೆಯ ಹೊಣೆಗೆ ಮರಳಿತು.

ನಮ್ಮಲ್ಲಿಯೂ ಪಾಠವಿದೆ. ರಾಯಚೂರಿನ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯ ನಿರ್ವಹಣೆಯನ್ನು ಖಾಸಗಿ ಸಂಸ್ಥೆಗೆ ವಹಿಸಿದ್ದ ಸರ್ಕಾರ, 2012ರಲ್ಲಿ ಆ ಒಪ್ಪಂದವನ್ನು ಮುಂದುವರಿಸಲಿಲ್ಲ. ಅಲ್ಲಿ ರೋಗಿ ಸ್ವತಂತ್ರನಾಗಿದ್ದ. ಬೇಡವೆನಿಸಿದರೆ ಬೇರೆಡೆಗೆ ಹೋಗಬಲ್ಲವನಾಗಿದ್ದ. ಕೈದಿಗೆ ಆ ಆಯ್ಕೆಯೂ ಇಲ್ಲ. ಅವನು ಸತ್ತರೆ ಜೈಲು ಕಂಪೆನಿಯತ್ತ, ಕಂಪೆನಿ ಜೈಲಿನತ್ತ ಬೆರಳು ತೋರಿಸುತ್ತದೆ. ಬೀಗ ಹಾಕಿದ ಕೈಯೇ ಪ್ರಾಣಕ್ಕೂ ಉತ್ತರದಾಯಿ. 2022ರ ಅಧಿಕೃತ ಅಂಕಿಅಂಶದಂತೆ ದೇಶದ ಕೈದಿಗಳಲ್ಲಿ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಕಾನೂನಿನ ದೃಷ್ಟಿಯಲ್ಲಿ ಇನ್ನೂ ನಿರಪರಾಧಿಗಳು.

ಹತ್ತನೆಯ ಶತಮಾನದ ಬಗ್ದಾದಿನಲ್ಲಿ ವಝೀರ್ ಅಲಿ ಬಿನ್ ಈಸಾ, ಮುಖ್ಯ ವೈದ್ಯ ಸಿನಾನ್ ಬಿನ್ ಸಾಬಿತ್‌ಗೆ ಪತ್ರ ಬರೆದು, ವೈದ್ಯರು ಪ್ರತಿದಿನ ಔಷಧದೊಂದಿಗೆ ಸೆರೆಮನೆಗಳಿಗೆ ಹೋಗಬೇಕೆಂದು ಆಜ್ಞಾಪಿಸಿದ್ದರು. ಸೆರೆಯಾಳಿಗೆ ಉಣಬಡಿಸುವವರನ್ನು ಪವಿತ್ರ ಕುರ್‌ಆನ್ ಪ್ರಶಂಸಿಸುತ್ತದೆ. ಆ ಪರಂಪರೆಯ ವಾರಸುದಾರರು ಜೈಲಿನ ಹೆಸರೆತ್ತಲೂ ನಾಚುವುದೇಕೆ?

ನಮ್ಮ ಜಮಾಅತ್‌ಗಳೂ ವಕೀಲರೂ ವೈದ್ಯರೂ ಜೈಲುಗಳಲ್ಲಿ ಖಾಯಂ ಸರ್ಕಾರಿ ವೈದ್ಯರಿಗಾಗಿ, ತುರ್ತು ಬೆಂಗಾವಲಿಗಾಗಿ ಒತ್ತಾಯಿಸಲಿ. ಆ ಬೇಡಿಕೆ ನಮ್ಮವರಿಗಷ್ಟೇ ಅಲ್ಲ, ಗೋಡೆಯೊಳಗಿನ ಪ್ರತಿಯೊಬ್ಬ ಮನುಷ್ಯನಿಗಾಗಿ ಇರಲಿ.