ಲೆಕ್ಕ ಬಾಟಲಿಯೇ ಮಾಡಿಕೊಡಲಿ

ಪ್ಯಾರಸಿಟಮಾಲ್ ಒಂದೇ ಔಷಧ. ಆದರೆ ಮಕ್ಕಳಿಗೆಂದು ಅಂಗಡಿಯಲ್ಲಿ ಸಿಗುವ ಅದರ ಬಾಟಲಿಗಳೆಲ್ಲ ಒಂದೇ ಅಲ್ಲ. ಒಂದು ಸಿರಪ್‌ನಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ ಔಷಧವಿದ್ದರೆ ಇನ್ನೊಂದರಲ್ಲಿ 250. ಹಸುಗೂಸುಗಳ ಡ್ರಾಪ್ಸ್‌ನಲ್ಲಿ 1 ಮಿ.ಲೀ.ಗೇ 100 ಮಿ.ಗ್ರಾಂ!

10 ಕಿಲೋ ತೂಗುವ ಮಗುವಿಗೆ ವೈದ್ಯರು ಒಂದು ಸಲಕ್ಕೆ 150 ಮಿ.ಗ್ರಾಂ ಹೇಳಿದ್ದಾರೆ ಎನ್ನಿ. ಮೊದಲ ಸಿರಪ್ ಆದರೆ 6 ಮಿ.ಲೀ., ಎರಡನೆಯದಾದರೆ 3, ಡ್ರಾಪ್ಸ್ ಆದರೆ ಒಂದೂವರೆ. ಹೋದ ಸಲ 6 ಮಿ.ಲೀ. ಕುಡಿಸಿದ ನೆನಪಿನ ಮೇಲೆ ಅಜ್ಜಿ ಡ್ರಾಪ್ಸ್ ಬಾಟಲಿಯಿಂದಲೂ ಅಷ್ಟನ್ನೇ ಅಳೆದರೆ ಮಗುವಿನ ಹೊಟ್ಟೆಗೆ ಹೋಗುವುದು 600 ಮಿ.ಗ್ರಾಂ, ಅಂದರೆ ಹೇಳಿದ್ದರ ನಾಲ್ಕು ಪಟ್ಟು. ಪ್ಯಾರಸಿಟಮಾಲ್ ಮಿತಿಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಪಿಯುಸಿ ಪರೀಕ್ಷೆಯಲ್ಲಿ ಸಾರತೆಯ ಮಾನ ಬದಲಿಸುವ ಲೆಕ್ಕ ತಪ್ಪಿದರೆ ಹೋಗುವುದು ಒಂದೆರಡು ಅಂಕ. ಅದೇ ಲೆಕ್ಕವನ್ನು ನಡುರಾತ್ರಿ, ಅಳುವ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಮಾಡಿ ಎಂದು ತಾಯಿಗೆ ಹೇಳುವುದು ಯಾವ ನ್ಯಾಯ?

ಇನ್ಸುಲಿನ್ ಕಥೆಯೂ ಇದೇ. ನಮ್ಮಲ್ಲಿ ಸಾಮಾನ್ಯವಾದ ವಯಲ್‌ನಲ್ಲಿ 1 ಮಿ.ಲೀ.ಗೆ 40 ಯೂನಿಟ್. ಪೆನ್ನಿನ ಕಾರ್ಟ್ರಿಡ್ಜ್‌ನಲ್ಲಿ 100. ಸಿರಿಂಜ್‌ಗಳೂ ಎರಡು ಬಗೆ: 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಒಳಗಿರುವುದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ಸಕ್ಕರೆ ದಿಢೀರನೆ ಕುಸಿದು ರೋಗಿ ಪ್ರಜ್ಞೆ ತಪ್ಪಲು ಅಷ್ಟು ಸಾಕು.

ಲೇಬಲ್ ಮೇಲೆ ಎಲ್ಲ ಬರೆದಿದೆಯಲ್ಲ ಎನ್ನಬಹುದು. ಬರೆದಿದೆ ನಿಜ, ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ.

ಅಮೆರಿಕದಲ್ಲಿ ಈ ಗೊಂದಲಕ್ಕೆ ಮದ್ದು ಹುಡುಕಿದ್ದು ಬಾಟಲಿಯಲ್ಲೇ. 2011ರಲ್ಲಿ ಅಲ್ಲಿನ ತಯಾರಕರು ಗಾಢ ಡ್ರಾಪ್ಸ್ ಕೈಬಿಟ್ಟು, ಮಕ್ಕಳ ದ್ರವರೂಪದ ಪ್ಯಾರಸಿಟಮಾಲ್‌ಗೆ 5 ಮಿ.ಲೀ.ಗೆ 160 ಮಿ.ಗ್ರಾಂ ಎಂಬ ಒಂದೇ ಸಾರತೆಯತ್ತ ಹೊರಳಿದರು. 2016ರಲ್ಲಿ ಅಡ್ರಿನಲಿನ್ ಚುಚ್ಚುಮದ್ದಿನ ಲೇಬಲ್‌ನಿಂದ 1:1000 ಎಂಬ ಅನುಪಾತವೂ ಹೋಯಿತು. ಆ ಜಾಗದಲ್ಲಿ ‘1 ಮಿ.ಲೀ.ಗೆ 1 ಮಿ.ಗ್ರಾಂ’ ಬಂತು. ತುರ್ತಿನಲ್ಲಿ ಸೊನ್ನೆ ಎಣಿಸುತ್ತ ಕೂರಲು ವೈದ್ಯರಿಗೂ ಪುರಸೊತ್ತಿರುವುದಿಲ್ಲ.

ಇಲ್ಲಿ ಆಗಬೇಕಾದದ್ದೂ ಕಷ್ಟದ್ದಲ್ಲ. ಮಕ್ಕಳ ಪ್ಯಾರಸಿಟಮಾಲ್‌ಗೆ ಒಂದೇ ಸಾರತೆ ಗೊತ್ತುಮಾಡಲಿ. 1 ಮಿ.ಲೀ.ಗೆ ಎಷ್ಟು ಮಿ.ಗ್ರಾಂ ಎಂಬುದು ಕನ್ನಡದಲ್ಲೂ ದಪ್ಪ ಅಕ್ಷರದಲ್ಲಿರಲಿ. ಬಾಟಲಿಯ ಜೊತೆಗೆ ಗೆರೆಯಿರುವ ಸಿರಿಂಜ್ ಬರಲಿ. ಅಲ್ಲಿಯತನಕ ವೈದ್ಯರು ಚೀಟಿಯಲ್ಲಿ ಮಿ.ಗ್ರಾಂ, ಮಿ.ಲೀ. ಎರಡನ್ನೂ, ಜೊತೆಗೆ ಯಾವ ಬಾಟಲಿ ಎಂಬುದನ್ನೂ ಬರೆಯಬೇಕು. ಬೇರೆ ಸಾರತೆಯ ಔಷಧ ಕೊಡುವ ಅಂಗಡಿಯವರು ಹೊಸ ಅಳತೆಯನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದೇ ಕೊಡಬೇಕು.