ಹಿರಿಯ ಹವ್ಯಾಸಿಗೆ ಹಿಪ್‌ಹಾಪ್

ಕುಂದಗೋಳದ ಹೆಸರು ಬಂದೊಡನೆ ಸಂಗೀತಾಸಕ್ತರಿಗೆ ನೆನಪಾಗುವುದು ಸವಾಯಿ ಗಂಧರ್ವರು (1886–1952), ಅವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದ ಗಂಗೂಬಾಯಿ ಹಾನಗಲ್, ಗುರುವಿನ ಮನೆಯಲ್ಲೇ ಉಳಿದು ಕಲಿತ ಭೀಮಸೇನ ಜೋಶಿ. ಆದರೆ ಅದೇ ತಾಲ್ಲೂಕಿನ ಯರಗುಪ್ಪಿಯಂಥ ಊರುಗಳಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಹವ್ಯಾಸಿಗಳದು; ಹಗಲೆಲ್ಲ ಎರೆಹೊಲದಲ್ಲಿ ದುಡಿದು, ರಾತ್ರಿ ಗುಡಿಯಲ್ಲೋ ಮಠದಲ್ಲೋ ಕೂಡಿ ಭಜನೆ, ತತ್ವಪದ, ಲಾವಣಿಗಳನ್ನು ಹಾಡುವವರದು. ಅಂಥ ಹಿರಿಯರೊಬ್ಬರು ಅರವತ್ತು ದಾಟಿದ ಮೇಲೆ ಹಿಪ್‌ಹಾಪ್ ಕಲಿಯಲು ಹೊರಟರೆ ಅದನ್ನು ವಿಚಿತ್ರವೆಂದು ನೋಡಿ ನಗುವುದು ಸಲ್ಲದು. ಅವರಿಗೆ ಅದರಲ್ಲಿ ಯಾವುದು ಈಗಾಗಲೇ ಗೊತ್ತು, ಯಾವುದು ನಿಜಕ್ಕೂ ಹೊಸದು ಎಂಬುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ.

ಹಿಪ್‌ಹಾಪ್ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಬಡ ಕಪ್ಪು ಯುವಜನರ ನಡುವೆ ರೂಪುಗೊಂಡ ಕಲೆ. ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ಅಲ್ಲಿ ನಡೆಸಿದ ಕೂಟವನ್ನು ಅದರ ಆರಂಭವೆಂದು ಗುರುತಿಸುವುದು ವಾಡಿಕೆ. ಹಾಡಿನಲ್ಲಿ ತಾಳವಾದ್ಯವಷ್ಟೇ ಉಳಿಯುವ ‘ಬ್ರೇಕ್’ ಎಂಬ ಭಾಗವನ್ನು ಎರಡು ಗ್ರಾಮಫೋನ್ ತಟ್ಟೆಗಳಿಂದ ಮತ್ತೆ ಮತ್ತೆ ನುಡಿಸಿ ಹಿಗ್ಗಿಸುವುದು ಅವರ ಕ್ರಮ. ಅಂಥ ತಾಳದ ಮೇಲೆ ಪ್ರಾಸ ಹೊಂದಿಸಿ ಆಡುವ ಮಾತೇ ರ‍್ಯಾಪ್.

ಉತ್ತರ ಕರ್ನಾಟಕದ ಗೀಗೀ ಪದವನ್ನು ಬಲ್ಲವರಿಗೆ ಈ ವಿವರಣೆ ಅಪರಿಚಿತವೆನಿಸದು. ಪುರುಷತತ್ವದ ಪರವಾದ ಹರದೇಶಿ ಮತ್ತು ಶಕ್ತಿತತ್ವದ ಪರವಾದ ನಾಗೇಶಿ ಎಂಬ ಎರಡು ಮೇಳಗಳು ಎದುರುಬದುರಾಗಿ ನಿಂತು ಪದದಿಂದ ಪದಕ್ಕೆ ಉತ್ತರ ಕೊಡುವ ವಾದವೂ, ಎದುರಾಳಿಯನ್ನು ಮಾತಿನಲ್ಲೇ ಮಣಿಸುವ ರ‍್ಯಾಪಿನ ‘ಬ್ಯಾಟಲ್’ ಎಂಬ ಸ್ಪರ್ಧೆಯೂ ಹುಟ್ಟಿದ ನೆಲ ಬೇರೆಯಾದರೂ ಕೇಳುವ ಚಾತುರ್ಯ ಒಂದೇ. ಇದಕ್ಕಿಂತ ಮುಖ್ಯವಾದದ್ದು ಉಸಿರಿನ ವ್ಯವಸ್ಥೆ. ಗೀಗೀಯಲ್ಲಿ ಮುಖ್ಯ ಹಾಡುಗಾರ ನುಡಿಯ ಕೊನೆಗೆ ಬರುತ್ತಿದ್ದಂತೆ ಹಿಮ್ಮೇಳದವರು ಅದನ್ನು ಎತ್ತಿಕೊಂಡು ಎಳೆಯುತ್ತಾರೆ, ಆ ಹೊತ್ತಿನಲ್ಲಿ ಆತ ಉಸಿರು ತುಂಬಿಕೊಳ್ಳುತ್ತಾನೆ. ರ‍್ಯಾಪಿನಲ್ಲಿ ಸಾಲಿನ ಕೊನೆಯನ್ನು ಹೀಗೆಯೇ ಎತ್ತಿಕೊಳ್ಳುವವನನ್ನು ‘ಹೈಪ್‌ಮ್ಯಾನ್’ ಎನ್ನುತ್ತಾರೆ. ವಯಸ್ಸಾದಂತೆ ದಮ್ಮು ಕಡಿಮೆಯಾಗುವ ಗಾಯಕನಿಗೆ ಇದು ದೊಡ್ಡ ಆಸರೆ, ಮತ್ತು ಮೇಳದಲ್ಲಿ ಹಾಡಿದವನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕಷ್ಟವಿರುವುದು ಬೇರೊಂದು ಕಡೆ. ಭಜನಾ ಮೇಳದ ಹಿರಿಯರು ಹಾಡುವುದು ಬಹುತೇಕ ಅನ್ಯರ ಅಂಕಿತದ, ಅಂದರೆ ಕೊನೆಯ ನುಡಿಯಲ್ಲಿ ಅನ್ಯ ಕರ್ತೃವಿನ ಮುದ್ರೆಯಿರುವ, ಪದಗಳನ್ನು. ಶಿಶುನಾಳ ಶರೀಫರು (1819–1889) ದಾರಿಯಲ್ಲಿ, ಅಂಗಳದಲ್ಲಿ ಕಂಡ ಸಾಮಾನ್ಯ ಸಂಗತಿಗಳನ್ನೇ ಪದವಾಗಿಸಿದರು. ಇಂದಿನ ಮೇಳಗಳು ಆ ಪದಗಳನ್ನು ಅಕ್ಕರೆಯಿಂದ ಉಳಿಸಿಕೊಂಡಿವೆಯಾದರೂ, ಕಂಡದ್ದನ್ನು ತಾವೇ ಕಟ್ಟುವ ಅವರ ಪದ್ಧತಿಯನ್ನು ಅಷ್ಟಾಗಿ ಉಳಿಸಿಕೊಂಡಿಲ್ಲ. ರ‍್ಯಾಪ್ ಕೇಳುವುದು ಅದನ್ನೇ: ಹಾಡುವವನ ಸ್ವಂತ ಬದುಕು, ಸ್ವಂತ ಮಾತು. ದಕ್ಷಿಣ ಕೊರಿಯಾದ ಚಿಲ್‌ಗೋಕ್ ಎಂಬ ಗ್ರಾಮೀಣ ಪ್ರದೇಶದಲ್ಲಿ 2023ರಲ್ಲಿ ಕೂಡಿದ ‘ಸುನಿ ಮತ್ತು ಏಳು ರಾಜಕುಮಾರಿಯರು’ ಎಂಬ ತಂಡದ ಎಂಟು ಅಜ್ಜಿಯರ ಸರಾಸರಿ ವಯಸ್ಸು ಆಗ ಸುಮಾರು 85 ಆಗಿತ್ತು. ಬಾಲ್ಯದಲ್ಲಿ ಶಾಲೆಗೆ ಹೋಗಲಾಗದೆ ಮುಪ್ಪಿನಲ್ಲಿ ಅಕ್ಷರ ಕಲಿತ ಅವರು, ಓದಲಾರದೆ ಕಳೆದ ವರ್ಷಗಳನ್ನೇ ರ‍್ಯಾಪಿಗೆ ವಸ್ತುವಾಗಿಸಿಕೊಂಡರು. ಅವರ ಮಾತು ಕಿವಿಗೆ ನಾಟುವುದು ವೇಗದಿಂದಲ್ಲ, ಅದು ಅವರದೇ ಆಗಿರುವುದರಿಂದ.

ಮಳೆ ಕೈಕೊಟ್ಟ ವರ್ಷ, ಹತ್ತಿಯ ದರ, ಮಕ್ಕಳು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋದ ಮೇಲೆ ಉಳಿದ ಮನೆ, ಇವೆಲ್ಲ ಯರಗುಪ್ಪಿಯ ಸೀಮೆಯ ಹಿರಿಯರ ಬಳಿ ಇರುವ ವಸ್ತು. ನಡುವಿನ ಸ್ವರವನ್ನು ನುಂಗಿ ವ್ಯಂಜನಗಳನ್ನು ಒತ್ತಿ ನುಡಿಯುವ ಧಾರವಾಡದ ಆಡುಮಾತು ತಾಳದ ಪೆಟ್ಟಿಗೆ ಸಹಜವಾಗಿ ಕೂಡುವಂಥದ್ದು. ಆಲ್ ಓಕೆ, ಚಂದನ್ ಶೆಟ್ಟಿಯವರಂಥವರಿಂದ ಮನೆಮಾತಾದ ಕನ್ನಡ ರ‍್ಯಾಪಿನಲ್ಲಿ ಅದಿನ್ನೂ ಹೆಚ್ಚಾಗಿ ಕೇಳಬೇಕಾಗಿದೆ. ಮೊಬೈಲಿನಲ್ಲೇ ಬೀಟು ಕಟ್ಟುವ ಇಂದಿನ ಹುಡುಗರು ಅಜ್ಜನ ದನಿಯ ತುಣುಕೊಂದನ್ನು ಹಿನ್ನೆಲೆಗೆ ಕತ್ತರಿಸಿಕೊಂಡು ಮಾತನ್ನೆಲ್ಲ ತಾವೇ ಆಡುವುದು ಅರ್ಧ ಕೆಲಸವೇ ಸರಿ; ಅಜ್ಜನ ಉಸಿರಿಗೆ ಹೊಂದುವಷ್ಟು ಬೀಟನ್ನು ನಿಧಾನಗೊಳಿಸಿ, ಪದ ಕಟ್ಟುವ ಕೆಲಸವನ್ನು ಅವನಿಗೇ ಬಿಟ್ಟು, ಹಿಮ್ಮೇಳಕ್ಕೆ ತಾವು ನಿಲ್ಲುವ ಹುಡುಗರು ಈ ಸೀಮೆಗೆ ಬೇಕಾಗಿದ್ದಾರೆ.